ರಾಗಿ ಬೀಸಿದ ಗಂಟಲು

ಮೇಲುಕೋಟೆಯಲ್ಲಿ ಕಲ್ಯಾಣಿಗೆ ಇಳಿಯುವ ಓಣಿಯಲ್ಲಿ ಅಜ್ಜಿಯ ಮನೆ. ದೀಪ ಇಡುವ ಗೂಡಿನಲ್ಲಿ ದೀಪದ ಬದಲು ರೇಡಿಯೊ ಬಂದು ಕೂತಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದ್ದು, ಅದೇ ‘ಆಕಾಶವಾಣಿ’ ಆದದ್ದು, ಇವೆಲ್ಲ ನಾನು ಆಮೇಲೆ ಓದಿದ್ದು. ಆಗ ನಮ್ಮ ಪಾಲಿಗೆ ಅದು ಪಿ. ಕಾಳಿಂಗರಾಯರು ಹಾಡುವ ಪೆಟ್ಟಿಗೆ, ಅಷ್ಟೇ.

ಒಂದು ದಿನ ‘ಮೂಡಲ್ ಕುಣಿಗಲ್ ಕೆರೆ’ ಬಂತು. ಹುರುಳಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. ಅವಳ ತವರು ನಾಗಮಂಗಲದ ಕಡೆ. ಕುಣಿಗಲ್ ಪಕ್ಕದ ತಾಲ್ಲೂಕು. ಹಾಡು ಮುಗಿಯುವವರೆಗೂ ಉಸಿರೆತ್ತಲಿಲ್ಲ. ಆಮೇಲೆ ತೀರ್ಪು ಕೊಟ್ಟಳು: “ಚೆಂದಾಗ್ ಹಾಡ್ತಾನೆ ಕಣ್ ಮಗ. ಆದ್ರೆ ಅದು ರಾಗಿ ಬೀಸಿದ್ ಗಂಟ್ಲಲ್ಲ.”

ನನಗೆ ಸಿಟ್ಟು ಬಂತು. ಕಾಳಿಂಗರಾಯರೆಂದರೆ ಉಡುಪಿ ಕಡೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದವರು, ನಾಟಕದ ರಂಗದಲ್ಲಿ ಗಂಟಲು ಪಳಗಿಸಿಕೊಂಡವರು, ಮೋಹನ್‌ಕುಮಾರಿ, ಸೋಹನ್‌ಕುಮಾರಿಯರ ಜೊತೆ ನಾಡೆಲ್ಲ ಹಾಡಿದವರು. ಕಡಲ ಕಡೆಯ ಮನುಷ್ಯ ನಮ್ಮ ಬಯಲುಸೀಮೆಯ ಕೆರೆಯನ್ನು ಹೀಗೆ ತುಂಬಿ ತುಳುಕಿಸಿದರೆ ಅದಕ್ಕೂ ಕೊಂಕೇ? ಅವರಿಲ್ಲದಿದ್ದರೆ ಆ ಕೆರೆಯ ಹೆಸರು ಬೀದರಿನವರಿಗೆ ಯಾಕೆ ಗೊತ್ತಾಗಬೇಕಿತ್ತು?

ಅಜ್ಜಿಯ ಮಾತಿನಲ್ಲಿ ಹುರುಳಿದೆ ಅನ್ನಿಸಿದ್ದು ಎಚ್.ಎಲ್. ನಾಗೇಗೌಡರ ಕೆಲಸ ತಿಳಿದ ಮೇಲೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು, ಕಾಳಿಂಗರಾಯರಿಗಿಂತ ಒಂದೇ ವರ್ಷ ಚಿಕ್ಕವರು. ಅಧಿಕಾರಿಯಾಗಿದ್ದೂ ಜಗಲಿಯಲ್ಲಿ ಕೂತು ಸೋಬಾನೆ ಚಿಕ್ಕಮ್ಮನಂಥವರಿಂದ ಪದ ಹೇಳಿಸಿಕೊಂಡವರು; 1979ರಲ್ಲಿ ಜಾನಪದ ಪರಿಷತ್ತು, ಮುಂದೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದವರು. ರಾಯರು ಪದವನ್ನು ಊರಾಚೆ ಕರೆದೊಯ್ದರು. ಗೌಡರು ಹಾಡಿದವರ ಹಟ್ಟಿಗೇ ಹೋದರು. ಯಾರು ಹೆಚ್ಚು ಎಂದು ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಕೆಲಸ ಮಾಡುವಾಗ ಗುನುಗುವುದು ಮಾತ್ರ ರಾಯರದೇ ಧಾಟಿ.

ಅಜ್ಜಿಯ ಕೊನೆಗಾಲದಲ್ಲಿ ಟೇಪ್‌ರೆಕಾರ್ಡರ್ ಮುಂದಿಟ್ಟು ಒಂದು ಬೀಸೋ ಪದ ಹೇಳು ಅಂದೆ. “ಕಲ್ಲೆಲ್ಲಿ?” ಅಂದಳು. ಕಲ್ಲು ಎಂದೋ ಹಿತ್ತಿಲು ಸೇರಿತ್ತು; ಹಿಟ್ಟಿಗೆ ಮಿಲ್ಲಿತ್ತು. ಕಲ್ಲಿಲ್ಲದೆ ಮೊದಲ ಸಾಲೇ ನೆನಪಾಗಲೊಲ್ಲದು. ಕಡೆಗೆ ಕಾಲು ಚಾಚಿ ಕೂತು, ಇಲ್ಲದ ಗೂಟ ಹಿಡಿದು ಬರಿಗೈ ತಿರುಗಿಸತೊಡಗಿದಳು. ಎರಡು ಸುತ್ತು ಸುಮ್ಮನೆ ಹೋದವು. ಮೂರನೆಯದಕ್ಕೆ ಪದ ಬಂತು. ಕೈ ತನ್ನತ್ತ ಬಂದಾಗಲೆಲ್ಲ ಉಸಿರು ಕಡಿಯುತ್ತಿತ್ತು, ದೂರ ಹೋದಾಗ ಸೊಲ್ಲು ಉದ್ದವಾಗುತ್ತಿತ್ತು.

ಆ ಕ್ಯಾಸೆಟ್ ಇನ್ನೂ ಇದೆ. ಮಾತು ಅಷ್ಟು ಸ್ಪಷ್ಟವಿಲ್ಲ. ಬಳೆಯ ಸದ್ದೇ ಜಾಸ್ತಿ.