ಕೋಳಿಗೂ ಟೈಫಾಯಿಡ್ಡಾ ಸಾರ್?

ಹೀಗೆ ಕೇಳಿದ್ದು ನಮ್ಮ ಏಳನೇ ತರಗತಿಯ ಹುಡುಗಿ, ಥಳಿ ಕಡೆಯವಳು. ಟೈಫಾಯಿಡ್ ರೋಗಾಣು ಮನುಷ್ಯನಿಗೆ ಮಾತ್ರ ಅಂಟುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದ್ದೆವು ಅಷ್ಟೆ. "ನಮ್ಮನೆ ಎಂಟು ನಾಟಿಕೋಳಿ ಟೈಫಾಯಿಡ್ ಬಂದೇ ಸತ್ತೋದ್ವು, ದನದ ಡಾಕ್ಟ್ರು ಹೇಳಿದ್ರು" ಅಂದಳು. ತರಗತಿ ನಕ್ಕಿತು. ಸುಳ್ಳೇಕೆ ಹೇಳಬೇಕು, ನಾವೂ ನಕ್ಕೆವು. ಮೊಟ್ಟೆ ಮಾರಿದ ದುಡ್ಡಲ್ಲೇ ಅವರ ಮನೆಯ ಉಪ್ಪು ಮೆಣಸಿನಕಾಯಿ ಬರುತ್ತಿತ್ತೆಂದು ಆಮೇಲೆ ಗೊತ್ತಾಯಿತು. ಹುಡುಗಿ ವಾರವಿಡೀ ಬಾಯಿ ಬಿಡಲಿಲ್ಲ.

ನಾವು ಟಿಸಿಎಚ್, ಬಿಎ. ಕನ್ನಡ ಶಾಲೆಯಲ್ಲಿ ಮಕ್ಕಳೂ ಕಡಿಮೆ, ಶಿಕ್ಷಕರೂ ಕಡಿಮೆ. ವಿಜ್ಞಾನವೂ ನಮ್ಮ ಪಾಲಿಗೇ. ಮತ್ತಿಗಿರಿಯಲ್ಲಿ 1824ರಷ್ಟು ಹಳೆಯ ಜಾನುವಾರು ಫಾರಂ ಇದೆ, ಕೋಳಿ ಸಾಕಣೆಗೆಂದೇ ಒಂದು ಕಾಲೇಜೂ ಇದೆ. ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವ ನಮಗೆ ಕೋಳಿ ಟೈಫಾಯಿಡ್ ಎಂಬ ಕಾಯಿಲೆಯೇ ಗೊತ್ತಿರಲಿಲ್ಲ ನೋಡಿ!

ಪರಿಚಯದ ಪಶುವೈದ್ಯರನ್ನು ಕೇಳಿ, ಒಂದಷ್ಟು ಓದಿಕೊಂಡೆವು. ಸಾಲ್ಮೊನೆಲ್ಲಾ ಎಂಬುದು ದೊಡ್ಡ ಕುಟುಂಬ. ಅದರಲ್ಲಿ ಟೈಫಿ ಮನುಷ್ಯನನ್ನು ಹಿಡಿದುಕೊಂಡಿದೆ. ಗ್ಯಾಲಿನೇರಮ್ ಎಂಬುದು ಕೋಳಿಯನ್ನು. 2008ರಲ್ಲಿ ವಿಜ್ಞಾನಿಗಳು ಗ್ಯಾಲಿನೇರಮ್‌ನ ಜೀನುಗಳನ್ನೆಲ್ಲ ಓದಿ, ಅದರ ಹತ್ತಿರದ ನೆಂಟ ಎಂಟೆರಿಟಿಡಿಸ್ ಜೊತೆ ಹೋಲಿಸಿದರು. ಸುಮಾರು 300 ಜೀನುಗಳು ಕೆಟ್ಟು ಕೂತಿದ್ದವು. ಹೊಂದಿಕೊಳ್ಳುವುದೆಂದರೆ ಹೊಸದೇನನ್ನೋ ಕಲಿಯುವುದು ಎಂದುಕೊಂಡಿದ್ದೆವು. ಇಲ್ಲಿ ಮರೆತದ್ದೇ ಹೆಚ್ಚು! ಈಜುವ ಬಾಲವೂ ಇಲ್ಲ. ಆ ಬಾಲದ ಪ್ರೋಟೀನನ್ನು ಕಂಡರೆ ಕೋಳಿಯ ಮೈ ಎಚ್ಚರಗೊಳ್ಳುತ್ತದೆ. ಬಾಲವಿಲ್ಲದ್ದು ಸದ್ದಿಲ್ಲದೆ ಕರುಳು ದಾಟಿ ಯಕೃತ್ತು, ಗುಲ್ಮ ಸೇರುತ್ತದೆ. ಕರುಳಲ್ಲಿ ಬಾಳಲು ಬೇಕಿದ್ದ ಎಷ್ಟೋ ಜೀನುಗಳು ಬಳಕೆ ತಪ್ಪಿ ಹಾಳಾಗಿವೆ. ಗಡಿಯಲ್ಲಿರುವ ನಾವು ಸಂತೆಗೆ ತಮಿಳು, ತೆಲುಗು, ಮನೆಗೆ ಕನ್ನಡ ಎಂದು ಮೂರನ್ನೂ ಆಡುತ್ತೇವೆ. ಒಂದೇ ಮನೆಯಲ್ಲಿ ನೆಲೆ ನಿಂತವನಿಗೆ ಉಳಿದೆರಡು ಮರೆತುಹೋಗುವುದಿಲ್ಲವೇ? ಹಾಗೆ. ಮನುಷ್ಯನ ಟೈಫಿಯೂ ಬೇರೆಯಾಗಿ ಇದೇ ದಾರಿ ಹಿಡಿದದ್ದಂತೆ.

ಎಂಟೆರಿಟಿಡಿಸ್ ಮಾತ್ರ ಎಲ್ಲ ಮನೆಯಲ್ಲೂ ಉಣ್ಣುವ ಜಾತಿ. ದೊಡ್ಡ ಕೋಳಿಯ ಹೊಟ್ಟೆಯಲ್ಲಿ ತೆಪ್ಪಗಿರುತ್ತದೆ. ಕೋಳಿ ಮೇಯುತ್ತದೆ, ಮೊಟ್ಟೆಯಿಡುತ್ತದೆ. ಮೊಟ್ಟೆಯೊಳಗೇ ರೋಗಾಣು ಸೇರಿರಬಹುದು. ಜ್ವರ, ಭೇದಿ ಬರುವುದು ನಮಗೆ. ಹಸುವಿನ ಕರುಳಿನಲ್ಲಿರುವ ಇ. ಕೋಲಿ ಒ157 ಕಥೆಯೂ ಇದೇ – ಹಸುವಿಗೆ ಏನೂ ಆಗುವುದಿಲ್ಲ.

ಮುಂದಿನ ಸೋಮವಾರ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು, ನೀನೇ ಹೇಳಮ್ಮ ಎಂದೆವು. ಜುಟ್ಟು ಬಿಳಿಚಿಕೊಂಡದ್ದು, ಹಸಿರು ಹಳದಿ ಭೇದಿ, ತಲೆ ಬಗ್ಗಿಸಿ ಕೂತದ್ದು... ಎಲ್ಲ ಹೇಳಿದಳು. ಸತ್ತವನ್ನು ಕೆರೆ ಬದಿಗೆ ಎಸೆದರಂತೆ. ಹಾಗೆ ಎಸೆದರೆ ನಾಯಿ, ಕಾಗೆ ಹರಡುತ್ತವೆ, ಆಳವಾಗಿ ಹೂಳಬೇಕು ಎಂದೆವು. ಕೊನೆಗೆ ಅವಳೇ, "ಹಂಗಾದ್ರೆ ಚೆನ್ನಾಗಿರೋ ಕೋಳಿಗೇ ಹೆದರ್ಬೇಕಾ ಸಾರ್?" ಅಂದಳು. ಈ ಸಲ ಯಾರೂ ನಗಲಿಲ್ಲ. ಸತ್ತುಣವಿನ ಮೊಟ್ಟೆ ಚೆನ್ನಾಗಿ ಬೆಂದಿರುತ್ತದೆ, ಹೆದರಿಕೆಯಿಲ್ಲ. ಮಕ್ಕಳಿಗೆ ಶಕ್ತಿ ಬರಲೆಂದು ಹಸಿ ಮೊಟ್ಟೆ ಕುಡಿಸುವ ಮನೆಗಳದ್ದೇ ಚಿಂತೆ ಎಂದೆವು.

ಇನ್ನೊಂದು ಮಾತು ಉಳಿದಿದೆ. ಅವರಲ್ಲಿ ಬದುಕಿದ ಮೂರು ಕೋಳಿಗಳಲ್ಲಿ ಒಂದನ್ನು ಅಮ್ಮ ಕಾವಿಗೆ ಕೂರಿಸಿದ್ದಾಳಂತೆ. ಬದುಕುಳಿದ ಕೋಳಿಯೂ ರೋಗಾಣು ಹೊತ್ತಿರಬಹುದು, ಮೊಟ್ಟೆಯಿಂದ ಮರಿಗೂ ದಾಟಬಹುದು ಎಂದು ವೈದ್ಯರು ಹೇಳಿದ್ದರು. ಎಂಟು ಕೋಳಿ ಕಳೆದುಕೊಂಡ ಆ ತಾಯಿಗೆ ಇದನ್ನು ಹೇಗೆ ಹೇಳುವುದು? ಭಾನುವಾರ ವೈದ್ಯರನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.