ನಿಂತ ಎತ್ತಿನ ಮೇವು

ನಾನು ಬಿ.ಎ., ಬಿ.ಎಡ್. ಕಲಿಸುವುದು ಸಮಾಜ ವಿಜ್ಞಾನ. ಹೆಸರಿನ ಬಾಲದಲ್ಲಿ ವಿಜ್ಞಾನ ಅಂಟಿಕೊಂಡಿದೆ ಎಂಬುದನ್ನು ಬಿಟ್ಟರೆ ಅದಕ್ಕೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಮನೆಯಲ್ಲಿ ಫ್ಯೂಸು ಹೋದರೆ ಪಕ್ಕದ ಮನೆ ಹುಡುಗನನ್ನು ಕೂಗುವವಳು ನಾನು. ಅಂಥವಳು ಲ್ಯಾಪ್‌ಟಾಪಿನ ಪ್ರೊಸೆಸರ್ ಬಗ್ಗೆ ಪ್ರಬಂಧ ಬರೆಯಲು ಕೂತದ್ದನ್ನು ನೋಡಿ ನಮ್ಮ ಯಜಮಾನರು, "ಇನ್ನು ಪಂಚಾಂಗ ಬರೆಯೋದೊಂದು ಬಾಕಿ" ಎಂದು ನಕ್ಕರು. ನಗಲಿ. ಐವತ್ತೆರಡು ಸಾವಿರ ರೂಪಾಯಿ ಕೊಟ್ಟು, ಒಡಹುಟ್ಟಿದವಳ ಹತ್ತಿರ ಒಂದು ತಿಂಗಳು ಮಾತು ಬಿಟ್ಟು ಕಲಿತ ಪಾಠ ಇದು. ಪುಕ್ಕಟೆ ಸಿಕ್ಕಿದ್ದಲ್ಲ.

ನಮ್ಮ ಮನೆ ಕೊಳ್ಳೇಗಾಲದಲ್ಲಿ. ಶಾಲೆ ಹನೂರು ದಾಟಿ ಕಾಡಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮೇಷ್ಟ್ರ ಕೆಲಸವೆಂದರೆ ಸೀಮೆಸುಣ್ಣ, ಹಾಜರಿ ಪುಸ್ತಕ ಎಂದು ನಂಬಿ ಸೇರಿದವರು ನಾವು. ಈಗ ಮಕ್ಕಳ ಅಂಕ, ಹಾಜರಿ, ವಿದ್ಯಾರ್ಥಿವೇತನ, ಎಲ್ಲವೂ ಕಂಪ್ಯೂಟರಿನಲ್ಲಿ ಹೋಗಬೇಕು. ಶಾಲೆಯ ಒಂದು ಕಂಪ್ಯೂಟರಿನ ಮುಂದೆ ನಾವು ಏಳು ಜನ, ನ್ಯಾಯಬೆಲೆ ಅಂಗಡಿಯಲ್ಲಿ ನಿಂತ ಹಾಗೆ, ಸರದಿಯಲ್ಲಿ ನಿಲ್ಲುತ್ತಿದ್ದೆವು. ಸಾಕಾಗಿ, 2023ರ ಜೂನ್ ತಿಂಗಳಲ್ಲಿ ಚೀಟಿ ಎತ್ತಿದ ದುಡ್ಡು ಕೈಗೆ ಬಂದಾಗ ನನ್ನದೇ ಒಂದು ಲ್ಯಾಪ್‌ಟಾಪ್ ತಗೊಳ್ಳಲು ಮೈಸೂರಿಗೆ ಹೊರಟೆ. ಜತೆಗೆ ಯಳಂದೂರಿನ ನನ್ನ ತಂಗಿಯೂ ಅವಳ ಮಗಳೂ ಬಂದರು. ಮಗಳು ಬಿಸಿಎ ಸೇರಿದ್ದಳು. ತಂಗಿ ರೇಷ್ಮೆ ಹುಳು ಸಾಕುತ್ತಾಳೆ. ಒಂದು ಬೆಳೆ ಗೂಡು ಮಾರಿದ ಹಣ ಅವಳ ಸೆರಗಿನಲ್ಲಿತ್ತು.

ಅಂಗಡಿಯ ಹುಡುಗ ಎರಡು ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಅದೇ ಬಣ್ಣ, ಅದೇ ಅಗಲದ ಪರದೆ, ಅದೇ 8 ಜಿಬಿ ಮೆಮೊರಿ. ಎರಡರ ಮೇಲೂ ಇಂಟೆಲ್ ಐ5 ಎಂಬ ಚೀಟಿ. ವ್ಯತ್ಯಾಸ ಇದ್ದದ್ದು ಅದರ ಮುಂದಿನ ನಂಬರಿನಲ್ಲಿ. ಒಂದು 1235ಯು, ಇನ್ನೊಂದು 12450ಎಚ್. ಯು ಎಂಬುದಕ್ಕೆ 48,000, ಎಚ್ ಎಂಬುದಕ್ಕೆ 52,000. "ಯಾಕಪ್ಪ ನಾಲ್ಕು ಸಾವಿರ ಹೆಚ್ಚು?" ಎಂದೆ. "ಅದು 15 ವ್ಯಾಟಿಂದು, ಇದು 45 ವ್ಯಾಟಿಂದು ಮೇಡಂ. ಪವರ್ ಜಾಸ್ತಿ" ಎಂದ.

ನನ್ನ ತಲೆಗೆ ಹೊಳೆದದ್ದು ಬಲ್ಬು. ನಮ್ಮ ಕಾಲದಲ್ಲಿ ಬಚ್ಚಲಿಗೆ 15 ವ್ಯಾಟಿನ ಬಲ್ಬು, ಓದುವ ಕೋಣೆಗೆ 60. ಬಚ್ಚಲಿನ ಬಲ್ಬನ್ನು ಮೇಷ್ಟ್ರಮ್ಮ ಕೊಳ್ಳುವುದುಂಟೇ? 45 ವ್ಯಾಟಿನದನ್ನೇ ಕಟ್ಟಿಸಿದೆ. ತಂಗಿ ಯು ಎಂಬುದನ್ನು ತಗೊಂಡಳು. ಉಳಿದ ನಾಲ್ಕು ಸಾವಿರ ಮಗಳ ಫೀಸಿಗಾಯಿತು ಎಂದಳು. ಆಗ ನಾನು ಸುಮ್ಮನಿರಬೇಕಿತ್ತು. "ಮಗುವಿಗೆ ಕೊಡಿಸೋದನ್ನ ಒಳ್ಳೇದನ್ನೇ ಕೊಡಿಸಬೇಕಮ್ಮ" ಎಂದುಬಿಟ್ಟೆ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆ. ತಂಗಿ ಏನೂ ಹೇಳಲಿಲ್ಲ. ನಮ್ಮವ್ವ ಬದುಕಿದ್ದಷ್ಟು ದಿನವೂ ಬಂದವರ ಮುಂದೆಲ್ಲ "ದೊಡ್ಡವಳು ಚುರುಕು, ಚಿಕ್ಕವಳು ನಿಧಾನ" ಎನ್ನುತ್ತಿದ್ದಳು. ನಿಧಾನದವಳಿಗೆ ನಿಧಾನದ ಯಂತ್ರ ಎಂದು ಅಕ್ಕನೂ ಹೇಳಿದಂತಾಯಿತು. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಯಾರು ಚುರುಕು ಎಂದು ನೀವೇ ತೀರ್ಮಾನಿಸಿ.

ಮೂರು ತಿಂಗಳು ಚೆನ್ನಾಗಿಯೇ ಕಳೆಯಿತು. ನುಡಿಯಲ್ಲಿ ಪ್ರಶ್ನೆಪತ್ರಿಕೆ ಕುಟ್ಟುವುದು, ಎಕ್ಸೆಲ್‌ನಲ್ಲಿ ಅಂಕ ಕೂಡುವುದು, ಮಕ್ಕಳಿಗೆ ಬೇಲೂರು ಹಳೇಬೀಡಿನ ಚಿತ್ರ ತೋರಿಸುವುದು, ನನ್ನ ಕೆಲಸ ಅಷ್ಟೆ. ಒಂದೇ ತೊಂದರೆಯೆಂದರೆ, ಏನು ಮಾಡದಿದ್ದರೂ ಅದರ ಫ್ಯಾನು ಆಗಾಗ ಗುಂಯ್ ಎನ್ನುತ್ತಿತ್ತು, ಕೆಲಸವಿಲ್ಲದ ಯಜಮಾನರು ಕೆಮ್ಮುವ ಹಾಗೆ.

ಅಕ್ಟೋಬರಿನಲ್ಲಿ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನ. ನನ್ನ ಪಾಲಿಗೆ ಬಂದದ್ದು 23 ಮಕ್ಕಳು. ಪ್ರತಿ ಅರ್ಜಿಗೂ ಮನೆಯವರ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ, ಅದನ್ನು ಹಾಕಿದರೆ ಮಾತ್ರ ಅರ್ಜಿ ಮುಂದಕ್ಕೆ. ಹಾಗಾಗಿ ತಂದೆತಾಯಂದಿರನ್ನು ಕೂಲಿ ಬಿಡಿಸಿ ಶಾಲೆಗೇ ಕರೆಸಿದ್ದೆ. ಹಿಂದಿನ ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟಿರಲಿಲ್ಲ. ನನಗೇನು ಭಯ? ಮನೆಯಲ್ಲೇ ನೂರಕ್ಕೆ ನೂರು ಚಾರ್ಜು ಮಾಡಿ ತಂದಿದ್ದೆ. ಒಂಬತ್ತೂವರೆಗೆ ಕೂತೆ, ಇಂಟರ್ನೆಟ್ಟಿಗೆ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ. ಮುಕ್ಕಾಲು ಹನ್ನೆರಡಕ್ಕೆ ಕೆಂಪು ಗುರುತು ಬಂತು. ಮುಕ್ಕಾಲು ಒಂದಕ್ಕೆ ಪರದೆ ಕಪ್ಪಾಯಿತು. ಆಗ ಮುಗಿದದ್ದು 14.

ಉಳಿದ ಒಂಬತ್ತು ಮಕ್ಕಳ ಕಾಗದಪತ್ರ ಚೀಲಕ್ಕೆ ತುಂಬಿಕೊಂಡು ಹನೂರಿಗೆ ಬಂದೆ. ಅಲ್ಲಿಯೂ ಕತ್ತಲೆ. ಕೊಳ್ಳೇಗಾಲದ ಬಸ್ಸು ಹತ್ತಿದೆ. ಮನೆಯಲ್ಲಿ ರಾತ್ರಿ ಹನ್ನೊಂದೂವರೆವರೆಗೆ ಕೂತು, ಒಬ್ಬೊಬ್ಬರ ಮನೆಗೆ ಫೋನು ಮಾಡಿ ಓಟಿಪಿ ಕೇಳಿ, ಎಂಟು ಅರ್ಜಿ ಮುಗಿಸಿದೆ. ಒಂಬತ್ತನೆಯದು ಸೋಲಿಗರ ಪೋಡಿನ ಒಂದು ಹುಡುಗಿಯದು. ಅವಳ ಅಪ್ಪ ಬೆಳಿಗ್ಗೆಯಿಂದ ಶಾಲೆಯ ಜಗಲಿಯ ಮೇಲೆ ಕೂತಿದ್ದವನು ಮಿಷನ್ನು ಆರಿಹೋದ ಮೇಲೆ ನಡೆದುಕೊಂಡು ಪೋಡಿಗೆ ಹೋಗಿದ್ದ. ಪೋಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಎಷ್ಟು ಸಲ ಫೋನು ಮಾಡಿದರೂ ಅದೇ ಹೆಂಗಸಿನ ಧ್ವನಿ. ಕೊನೆಯ ದಿನಾಂಕ ಮುಂದೂಡುತ್ತಾರೆಂದು ಕಾದೆವು. ಆ ವರ್ಷ ಮುಂದೂಡಲಿಲ್ಲ.

ಮಾರನೆಯ ದಿನ ಹುಡುಗಿಗೆ ಹೇಳಿದಾಗ, "ಬುಡಿ ಮಿಸ್, ಬರೋ ವರ್ಸ ಹಾಕುವ" ಎಂದಳು. ಬೈದಿದ್ದರೆ ವಾಸಿಯಿತ್ತು.

ದೀಪಾವಳಿಗೆ ಯಳಂದೂರಿಗೆ ಹೋದಾಗ ಇದನ್ನು ಹೇಳಿಕೊಂಡೆ. ತಂಗಿಯ ಮಗಳು, "ದೊಡ್ಡಮ್ಮ, ನಂದು ಆರು ಗಂಟೆ ಬರ್ತದಲ್ಲ! ಆದರೆ ವಿಡಿಯೋ ಎಡಿಟ್ ಮಾಡೋಕೆ ಹೋದರೆ ಪ್ರಾಣ ತಿನ್ನುತ್ತೆ" ಎಂದಳು. ಅವಳು ಓದಿನ ಜತೆಗೆ ಮದುವೆ, ನಾಮಕರಣದ ವಿಡಿಯೋ ಜೋಡಿಸಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದಳು. ಸರಿ, ಹಬ್ಬದ ಎಣ್ಣೆನೀರು ಮುಗಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆಗೆ ಕೂತೆವು. ಪರೀಕ್ಷೆ ಮಾಡುವುದು ನನ್ನ ಕಸುಬು, ಬಿಡುತ್ತೇನೆಯೇ? ಎರಡರ ತಳದಲ್ಲೂ ಬ್ಯಾಟರಿ 50 ವ್ಯಾಟ್ ಅವರ್ ಎಂದು ಬರೆದಿತ್ತು. ಎರಡಕ್ಕೂ ಒಂದೇ ಬೆಳಕು, ಒಂದೇ ಕಡತ, ಪವರ್ ಮೋಡ್ ಎಂಬುದನ್ನು ಎರಡರಲ್ಲೂ ಬ್ಯಾಲೆನ್ಸ್ಡ್ ಎಂಬಲ್ಲಿಗೆ ಇಟ್ಟೆವು. ನನ್ನದು ಅಂಗಡಿಯಿಂದ ಬಂದಾಗಿನಿಂದ ಬೆಸ್ಟ್ ಪರ್ಫಾರ್ಮೆನ್ಸ್ ಎಂಬಲ್ಲೇ ಇತ್ತಂತೆ, ಬೆಳಕೂ ಪೂರ್ತಿ ಇತ್ತು. ಅಕ್ಟೋಬರಿನ ತಪ್ಪಿನಲ್ಲಿ ನನ್ನ ಪಾಲೂ ಇತ್ತೆಂದು ಅಲ್ಲೇ ಗೊತ್ತಾಯಿತು.

ತೆರೆದುಕೊಳ್ಳುವುದು ಎರಡೂ ಒಟ್ಟಿಗೆ. ಎಕ್ಸೆಲ್, ನುಡಿ, ಇಂಟರ್ನೆಟ್ಟು, ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ನಾಲ್ಕು ಸಾವಿರದ ವೇಗವನ್ನು ನಾನು ಹುಡುಕಿದ್ದೇ ಹುಡುಕಿದ್ದು. ಎರಡು ಗಂಟೆ ಕಳೆದಾಗ ಅವಳದರಲ್ಲಿ ನೂರಕ್ಕೆ 70 ಉಳಿದಿತ್ತು, ನನ್ನದರಲ್ಲಿ 54. ಲೆಕ್ಕ ಹಾಕಿ: ಅವಳದು ಗಂಟೆಗೆ ಏಳೂವರೆ ವ್ಯಾಟ್ ಅವರ್ ತಿಂದಿತ್ತು, ನನ್ನದು ಹನ್ನೊಂದೂವರೆ. ಅದೂ ಇಬ್ಬರೂ ಅಕ್ಷರ ಕುಟ್ಟುತ್ತಾ ಕೂತಿದ್ದಾಗ.

ಆಮೇಲೆ ಕರೆಂಟಿಗೆ ಸಿಕ್ಕಿಸಿ, ಬಿಳಿಗಿರಿರಂಗನ ಬೆಟ್ಟದಲ್ಲಿ ತೇರಿನ ದಿನ ಅವಳು ತೆಗೆದ ವಿಡಿಯೋ ಜೋಡಿಸಲು ಹಾಕಿದೆವು. ನನ್ನದು ಎಂಟು ನಿಮಿಷದಲ್ಲಿ ಮುಗಿಸಿ ಕೈ ತೊಳೆದುಕೊಂಡಿತು. ಅವಳದು ಹನ್ನೆರಡು ನಿಮಿಷ ತಿಣುಕಿತು. ಹುಡುಗಿಯ ಕಣ್ಣು ನನ್ನದರ ಮೇಲೆ ಬಿತ್ತು.

ಯಾಕೆ ಹೀಗೆ ಎಂದು ಅವಳೇ ಬಿಡಿಸಿ ಹೇಳಿದಳು. ನಾನು ಮದುವೆ ಮನೆಯ ಅಡುಗೆ ಎಂದು ತಿಳಿದುಕೊಂಡೆ. ಇಂಟೆಲ್‌ನವರು 2022ರಲ್ಲಿ ಲ್ಯಾಪ್‌ಟಾಪಿಗೆ ತಂದ ಈ ಹನ್ನೆರಡನೆಯ ತಲೆಮಾರಿನಲ್ಲಿ ಎರಡು ಬಗೆಯ ಕೋರ್‌ಗಳಿವೆ. ಒಂದು ಬಗೆಯದು ದೊಡ್ಡ ಅಡುಗೆ ಭಟ್ಟರು, ಇನ್ನೊಂದು ಕಡಿಮೆ ಉಂಡು ಸಣ್ಣ ಕೆಲಸ ಮಾಡುವ ಕೈಯಾಳುಗಳು. 1235ಯು ಒಳಗೆ ಭಟ್ಟರು ಇಬ್ಬರು, ಕೈಯಾಳು ಎಂಟು. 12450ಎಚ್ ಒಳಗೆ ಭಟ್ಟರು ನಾಲ್ಕು, ಕೈಯಾಳು ನಾಲ್ಕು. ಒಬ್ಬೊಬ್ಬ ಭಟ್ಟ ಏಕಕಾಲಕ್ಕೆ ಎರಡು ಒಲೆ ನೋಡಬಲ್ಲ. ಹಾಗಾಗಿ ಒಲೆ ಎಣಿಸಿದರೆ ಎರಡು ಕಡೆಯೂ ಹನ್ನೆರಡೇ. ಭಟ್ಟರ ಗರಿಷ್ಠ ವೇಗವೂ ಎರಡರಲ್ಲೂ ಒಂದೇ, 4.4 ಗಿಗಾಹರ್ಟ್ಸ್. ಇಬ್ಬರಿಗೆ ಉಪ್ಪಿಟ್ಟು ಮಾಡುವುದಾದರೆ ಯಾವ ಅಡುಗೆಮನೆಯಾದರೇನು? ಸಾವಿರ ಎಲೆಯ ಊಟಕ್ಕೆ ಮಾತ್ರ ನಾಲ್ಕು ಭಟ್ಟರು ಬೇಕು. ಅವರು ದಣಿಯದೆ ದುಡಿಯಲು ಸೌದೆಯೂ ಹೆಚ್ಚು ಬೇಕು. ಆ 15, 45 ಎಂಬುದು ಬಲ್ಬಿನ ಲೆಕ್ಕವಲ್ಲ. ಬಿಡುವಿಲ್ಲದ ಭಾರಿ ಕೆಲಸದಲ್ಲಿ ಇಷ್ಟು ಶಾಖ ಬರುತ್ತದೆ, ಅದಕ್ಕೆ ತಕ್ಕ ಫ್ಯಾನು ಕೂರಿಸಿ ಎಂದು ತಯಾರಕರಿಗೆ ಕೊಟ್ಟ ಅಳತೆ. ಕೆಲ ಗಳಿಗೆ ಮೈದುಂಬಿ ಓಡುವಾಗ ಯು 55 ವ್ಯಾಟಿನವರೆಗೂ ಎಚ್ 95ರವರೆಗೂ ಹೋಗಬಹುದಂತೆ.

ಇದನ್ನು ಕೇಳುವಾಗ ನನಗೆ ತಾತ ನೆನಪಾದರು. ದನದ ಜಾತ್ರೆಯಲ್ಲಿ ಎತ್ತು ನೋಡುವಾಗ ಎಲ್ಲರೂ ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು. ತಾತ ಮಾತ್ರ ಮಾರುವವನನ್ನು ಬದಿಗೆ ಕರೆದು, "ಗೇಯುವಾಗ ಎಷ್ಟು ತಿಂದದು ಅಂತ ಕೇಳ್ನಿಲ್ಲ ಕನಪ್ಪ, ಸುಮ್ಮನ ನಿಂತಾಗ ಎಷ್ಟು ತಿಂದದು ಹೇಳು" ಎನ್ನುತ್ತಿದ್ದರು. ಒಕ್ಕಲು ಮನೆಯ ಎತ್ತು ವರ್ಷದಲ್ಲಿ ಗೇಯುವ ದಿನಕ್ಕಿಂತ ಕೊಟ್ಟಿಗೆಯಲ್ಲಿ ನಿಲ್ಲುವ ದಿನವೇ ಹೆಚ್ಚು. ನನ್ನ ಲ್ಯಾಪ್‌ಟಾಪೂ ಹಾಗೆಯೇ. ನಾನು ಒಂದಕ್ಷರ ಹುಡುಕಿ ಒತ್ತುವಷ್ಟರಲ್ಲಿ ಅದು ಕೋಟಿ ಸಲ ಆಕಳಿಸುತ್ತದೆ. ಇಂಟೆಲ್‌ನ ಮೊದಲ ಪ್ರೊಸೆಸರ್ 4004 ಎಂಬುದೂ ನಾನೂ ಹುಟ್ಟಿದ್ದು ಒಂದೇ ವರ್ಷ, 1971. ಅದರ ವೇಗ ಆಗ 740 ಕಿಲೋಹರ್ಟ್ಸ್. ಅಲ್ಲಿಂದ ಇಲ್ಲಿಗೆ ಗಡಿಯಾರದ ಲೆಕ್ಕದಲ್ಲೇ ಸುಮಾರು 6,000 ಪಟ್ಟು ಹೆಚ್ಚಿದೆ. ನನ್ನ ಬೆರಳುಗಳದು ಇದ್ದಷ್ಟೇ ಇದೆ.

"ಬದಲಾಯಿಸಿಕೊಂಡುಬಿಡೋಣ್ವಾ ದೊಡ್ಡಮ್ಮ?" ಎಂದಳು ಹುಡುಗಿ. ನಾನು ಹೂಂ ಎಂದೆ. ಒಳಗಿನಿಂದ ತಂಗಿ, ಸೌಟು ಹಿಡಿದುಕೊಂಡೇ ಬಂದು, "ಒಳ್ಳೇದನ್ನ ಯಾಕೆ ಬಿಟ್ಟುಕೊಡ್ತೀಯ ಅಕ್ಕ, ನೀನೇ ಇಟ್ಟುಕೋ" ಎಂದಳು. ಅಂಗಡಿಯ ಮಾತು ಐದು ತಿಂಗಳು ಅಲ್ಲೇ ಕೂತಿತ್ತು. ನಾನು ನಗುತ್ತಾ ಏನೋ ಹೇಳಿ ಬದಲಾಯಿಸಿಕೊಂಡೇ ಬಂದೆ. ಕೊಳ್ಳೇಗಾಲ ತಲುಪುವ ಮೊದಲೇ ನನ್ನ ಮೊಬೈಲಿಗೆ ತಂಗಿಯಿಂದ ನಾಲ್ಕು ಸಾವಿರ ಬಂತು. ವಾಪಸು ಕಳಿಸಿದೆ. ಮತ್ತೆ ಬಂತು. ಮತ್ತೆ ಕಳಿಸಿದೆ. ಮೂರನೆಯ ಸಲ ಬಂದಾಗ ಫೋನು ಮಾಡಿ ರೇಗಿದೆ. ಅವಳು ಫೋನಿಟ್ಟಳು. ಒಂದು ತಿಂಗಳು ಮಾತಿಲ್ಲ.

ಡಿಸೆಂಬರಿನಲ್ಲಿ ಹುಡುಗಿಯೇ ಒಂದು ದಾರಿ ಕಂಡುಹಿಡಿದಳು. ಎರಡೂ ಲ್ಯಾಪ್‌ಟಾಪಿನಲ್ಲಿ ಮೆಮೊರಿಗೆ ಒಂದೊಂದು ಜಾಗ ಖಾಲಿ ಇದೆ, ಆ ಜಗಳದ ದುಡ್ಡಿಗೆ 8 ಜಿಬಿಯ ಎರಡು ಪಟ್ಟಿ ಬರುತ್ತವೆ, ಎರಡು ಮನೆಗೂ ಒಂದೊಂದು ಎಂದಳು. ತರಿಸಿಕೊಂಡು ತಾಯಿಯನ್ನೂ ಕರೆದುಕೊಂಡು ಕೊಳ್ಳೇಗಾಲಕ್ಕೆ ಬಂದಳು. ನಮ್ಮ ಊಟದ ಮೇಜಿನ ಮೇಲೆ ಸ್ಕ್ರೂ ಬಿಚ್ಚಿ ಅವಳೇ ಕೂರಿಸಿದಳು. ಸತ್ಯವಾಗಿ ಹೇಳುತ್ತೇನೆ, ನನ್ನ ದಿನನಿತ್ಯದ ಕೆಲಸಕ್ಕೆ ಯು, ಎಚ್‌ಗಳ ಜಗಳಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಆ ಎರಡು ಸಾವಿರದ ಪಟ್ಟಿ. ಹತ್ತು ಕಿಟಕಿ ತೆರೆದಿಟ್ಟರೂ ಈಗ ಉಸಿರುಗಟ್ಟುವುದಿಲ್ಲ. ಇನ್ನೊಂದು ತಮಾಷೆ. ಚಿತ್ರ ಮೂಡಿಸುವ ಭಾಗದಲ್ಲಿ ಯು ಎಂಬುದೇ ಎಚ್‌ಗಿಂತ ಮೇಲಿನದಂತೆ. ಒಂದೇ ಪಟ್ಟಿ ಇದ್ದಾಗ ಅದರ ಹೆಸರು ಬರೀ ಯುಎಚ್‌ಡಿ ಎಂದು ತೋರುತ್ತಿತ್ತು, ಜೋಡಿ ಪಟ್ಟಿ ಕೂತೊಡನೆ ಐರಿಸ್ ಎಕ್ಸ್‌ಇ ಎಂದಾಯಿತು. "ನಿಧಾನದ್ದಕ್ಕೂ ಒಂದು ಹೆಸರು ಬಂತಲ್ಲ" ಎಂದಳು ತಂಗಿ, ಪರದೆಯನ್ನೇ ನೋಡುತ್ತಾ. ನಾನು ಕಾಫಿಗೆ ಇಟ್ಟೆ.

ಅದೇ ಡಿಸೆಂಬರಿನಲ್ಲಿ ಇಂಟೆಲ್‌ನವರು ಐ ಅಕ್ಷರ ತೆಗೆದು ಅಲ್ಟ್ರಾ ಎಂಬ ಹೊಸ ಹೆಸರಿನ ಪ್ರೊಸೆಸರ್ ತಂದರು. ಕೊಳ್ಳಲು ಹೋಗುವವರು ಗಾಬರಿಯಾಗಬೇಡಿ. ಅಲ್ಲಿಯೂ ಬಾಲದಲ್ಲಿ ಯು, ಎಚ್ ಹಾಗೇ ಇದ್ದವು.

2024ರ ಅರ್ಜಿಯ ದಿನವೂ ನಮ್ಮ ಶಾಲೆಯಲ್ಲಿ ಕರೆಂಟಿರಲಿಲ್ಲ. ಈ ಸಲ ಪೋಡಿನ ಹುಡುಗಿಯದನ್ನೇ ಮೊದಲು ಹಾಕೋಣ ಎಂದರೆ ಅವಳಪ್ಪ ಬರಲೇ ಇಲ್ಲ. ದಾರಿಯಲ್ಲಿ ಆನೆ ನಿಂತಿತ್ತಂತೆ. ಬಂದಾಗ ಮಧ್ಯಾಹ್ನ ಎರಡು ಗಂಟೆ. ಬ್ಯಾಟರಿಯಲ್ಲಿ 31 ಇತ್ತು. ಮೊಬೈಲನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದುಕೊಂಡು ನಿಂತ.

"ನಂಬರು ಬಂತೇನಪ್ಪ?" ಎಂದೆ.

"ಬತ್ತಾ ಅದ ಮೇಡಮ್ಮ" ಎಂದ.