ಉಪವಾಸವೂ ಕಳ್ಳಹಸಿವೂ

ಉಪವಾಸವು ನಮ್ಮ ಮನೆಗಳಿಗೆ ಹೊಸತಲ್ಲ. ಪಕ್ಷಕ್ಕೊಂದು ಏಕಾದಶಿ, ವರ್ಷಕ್ಕೊಂದು ಶಿವರಾತ್ರಿ, ಅವರವರ ಹರಕೆಗೆ ತಕ್ಕಂತೆ ಸೋಮವಾರ ಶನಿವಾರಗಳ ಒಪ್ಪೊತ್ತು, ಇವುಗಳ ನಡುವೆಯೇ ನಾವು ಬೆಳೆದವರು. ಆದರೆ ಈಚೆಗೆ ಬೇರೊಂದು ಬಗೆಯ ಉಪವಾಸವು ಮನೆಗಳನ್ನು ಹೊಕ್ಕಿರುವುದು. ದಿನಕ್ಕೆ 16 ಗಂಟೆ ನಿರಾಹಾರ, ಉಳಿದ 8 ಗಂಟೆಗಳೊಳಗೆ ಊಟ. ಇಲ್ಲವೆ ವಾರದಲ್ಲಿ 5 ದಿನ ಎಂದಿನಂತೆ ಉಂಡು 2 ದಿನ ಅತ್ಯಲ್ಪಾಹಾರ. ಇದರಲ್ಲಿ ದೇವರಿಲ್ಲ, ತಿಥಿಯಿಲ್ಲ. ಗಡಿಯಾರವೂ ತೂಕದ ಯಂತ್ರವೂ ಉಂಟು. ಇದರಿಂದ ಮೈ ಇಳಿಸಿಕೊಂಡವರಿದ್ದಾರೆಂಬುದನ್ನು ನಾನು ಅಲ್ಲಗಳೆಯಲಾರೆ. ನಾನು ಹೇಳಹೊರಟಿರುವುದು ಇದು ಒಗ್ಗದೆಹೋದವರ ಮಾತು.

ನಮ್ಮ ಬಂಧುಗಳ ಮನೆಯ ಸೊಸೆಯೊಬ್ಬಳು ಈ ಕ್ರಮವನ್ನು ಹಿಡಿದಳು. ಮೊದಲ ತಿಂಗಳು ತೂಕವಿಳಿಯಿತು, ಎಲ್ಲರೂ ಹೊಗಳಿದರು. ಬಳಿಕ ಅಡಿಗೆಮನೆಯ ಡಬ್ಬಿಗಳು ರಾತ್ರಿಯಲ್ಲಿ ಬರಿದಾಗತೊಡಗಿದವು. ಚಕ್ಕುಲಿಯೋ, ಅವಲಕ್ಕಿಯೋ, ತಣ್ಣಗಾದ ಅನ್ನವೋ, ರುಚಿಯ ವಿಚಾರವೇ ಇಲ್ಲದೆ, ಹೊಟ್ಟೆ ನೋಯುವವರೆಗೂ ತಿನ್ನುತ್ತಿದ್ದೆನೆಂದೂ, ಆಮೇಲೆ ಕತ್ತಲಲ್ಲಿ ಕುಳಿತು ಅಳುತ್ತಿದ್ದೆನೆಂದೂ, ಮರುದಿನ ಪ್ರಾಯಶ್ಚಿತ್ತವಾಗಿ ಉಪವಾಸವನ್ನು ಇನ್ನೆರಡು ಗಂಟೆ ಬೆಳೆಸುತ್ತಿದ್ದೆನೆಂದೂ ಮುಂದೆ ಅವಳೇ ಹೇಳಿದಳು. “ಹಗಲೆಲ್ಲ ತಪಸ್ಸು, ರಾತ್ರಿ ಬೆಕ್ಕಿನ ಕೆಲಸ” ಎಂದು ಅತ್ತೆ ನಗೆಯಾಡಿದ ದಿನದಿಂದ ಅವಳು ಮನೆಯವರೊಡನೆ ಊಟಕ್ಕೆ ಕೂಡುವುದನ್ನೇ ಬಿಟ್ಟಳು. ತಂಗಿಯ ಸೀಮಂತಕ್ಕೂ ಹೋಗಲಿಲ್ಲ.

ಇದನ್ನು ಹೊಟ್ಟೆಬಾಕತನವೆನ್ನುವುದು ಸುಲಭ. ಆದರೆ ಅದು ನ್ಯಾಯವಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು, ತಾವಾಗಿ ಮುಂದೆಬಂದ 36 ಮಂದಿ ಆರೋಗ್ಯವಂತ ಯುವಕರ ಮೇಲೆ ಒಂದು ಪರೀಕ್ಷೆಯನ್ನು ನಡೆಸಿದನು. 24 ವಾರ ಅವರಿಗೆ ಅರೆಹೊಟ್ಟೆಯ ಊಟ. ಅವರ ಮಾತೆಲ್ಲ ಊಟದ ಮಾತಾಯಿತು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಪಾರಾಯಣ ಮಾಡತೊಡಗಿದರು. ಕಟ್ಟು ಕಳಚಿದ ಮೇಲೆ ಹೊಟ್ಟೆ ಬಿರಿಯುವಂತೆ ಉಂಡರೂ ಹಲವರಿಗೆ ಹಸಿವು ಹಿಂಗಲಿಲ್ಲ. ಧರ್ಮಬುದ್ಧಿಯಿಂದ ಯುದ್ಧವನ್ನು ನಿರಾಕರಿಸಿದ ದೃಢಮನಸ್ಕರು ಅವರು. ಅಂಥವರ ಗತಿಯೇ ಹೀಗಾದರೆ, ಆ ಸೊಸೆಯನ್ನು ದುರ್ಬಲಳೆಂದು ಹೇಗೆ ಹಳಿಯುವುದು? ಕೊರತೆ ಬಂದಾಗ ಕೂಡಿಟ್ಟುಕೊಳ್ಳಲು ಹವಣಿಸುವುದು ದೇಹದ ಧರ್ಮ.

ವೈದ್ಯರು ಇದಕ್ಕೆ ‘ಬಿಂಜ್ ಈಟಿಂಗ್’ ರೋಗವೆಂದು ಹೆಸರಿಟ್ಟಿದ್ದಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಇದನ್ನು ಪ್ರತ್ಯೇಕ ರೋಗವಾಗಿ ಗಣಿಸಿತು. ತಡೆದುಕೊಳ್ಳಲಾರದೆ ಹೀಗೆ ತಿಂದು ನೊಂದುಕೊಳ್ಳುವುದು ವಾರಕ್ಕೊಮ್ಮೆಯಾದರೂ, 3 ತಿಂಗಳ ಕಾಲ ನಡೆದರೆ ಅದು ಇದರ ಗುರುತು. ಗಂಡಸರಿಗೂ ಇದು ಬರುವುದುಂಟು. ವಂಶದ ಗುಣ, ಮನಸ್ಸಿನ ದುಃಖ, ತನ್ನ ಮೈಯ ಬಗೆಗಿನ ನಾಚಿಕೆ ಮೊದಲಾದ ಕಾರಣಗಳು ಹಲವಿವೆ, ಉಪವಾಸವೊಂದೇ ಕಾರಣವಲ್ಲ. ಆದರೆ ಇದರ ಸುಳಿವಿದ್ದವರಿಗೆ ಕಟ್ಟುನಿಟ್ಟಿನ ಉಪವಾಸವು ಬೆಂಕಿಗೆ ಸುರಿದ ತುಪ್ಪವಾಗಬಹುದು.

ಹಿರಿಯರ ಏಕಾದಶಿಗೆ ದ್ವಾದಶಿಯ ಪಾರಣೆಯೆಂಬ ಮಂಗಳವಿತ್ತು. ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ ವಿನಾಯಿತಿಯಿತ್ತು. ಹಸಿದವರು ಒಟ್ಟಿಗೆ ಹಸಿದು ಒಟ್ಟಿಗೆ ಉಣ್ಣುತ್ತಿದ್ದರು. ಈಗಿನದು ಒಬ್ಬಂಟಿಯ ಉಪವಾಸ. ಅದಕ್ಕೆ ಪಾರಣೆಯೆಂಬುದೇ ಇಲ್ಲ.

ಆ ಮನೆಯವರು ಕೊನೆಗೆ ಮನೋವೈದ್ಯರನ್ನು ಕಂಡರು. ಮಾತಿನ ಮೂಲಕ ನಡೆಯುವ ಚಿಕಿತ್ಸೆಯೊಡನೆ ಅವರು ವಿಧಿಸಿದ ಪಥ್ಯ ಇಷ್ಟೇ: ಹೊತ್ತುಹೊತ್ತಿಗೆ ಮೂರು ಊಟ, ನಡುವೆ ಎರಡು ಸಲ ಲಘುವಾದ ಉಪಾಹಾರ, ಹಿಂದಿನ ರಾತ್ರಿ ಎಷ್ಟೇ ತಿಂದಿರಲಿ, ಬೆಳಗಿನ ತಿಂಡಿಯನ್ನು ತಪ್ಪಿಸಕೂಡದು. ಗುಣವು ತಿಂಗಳುಗಳ ಮೇಲೆ, ಮೆಲ್ಲಗೆ, ಏಳುಬೀಳುಗಳೊಡನೆ ಬಂದಿತು. ಅತ್ತೆಯೇ “ಬಾಮ್ಮ, ತಿಂಡಿ ಆರಿಹೋಗುತ್ತೆ” ಎಂದು ಕರೆದು, ಪಕ್ಕದಲ್ಲಿ ಕೂಡಿಸಿಕೊಂಡದ್ದೂ ಔಷಧಿಯ ಒಂದು ಪಾಲೆಂದು ನನ್ನ ನಂಬಿಕೆ.

ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ ಯಾರಾದರೂ ಮರೆಯಲ್ಲಿ ಉಣ್ಣುತ್ತಿದ್ದರೆ ಡಬ್ಬಿಗೆ ಬೀಗ ಹಾಕಬೇಡಿರಿ, ಲೆಕ್ಕ ಕೇಳಬೇಡಿರಿ. ಮೊದಲು ಒಂದು ತಟ್ಟೆಯಿಟ್ಟು, ಜೊತೆಯಲ್ಲಿ ಕುಳಿತು ಬಡಿಸಿರಿ. ಬಳಿಕ ವೈದ್ಯರಲ್ಲಿಗೆ ಕರೆದೊಯ್ಯಿರಿ.